ಹೊನ್ನೆ ಗಿಡದ ಎರಡು ಬೆರಳು

ಹರಿಹರ
೧೬ ನವೆಂಬರ್ ೧೯೮೩

ಪ್ರೀತಿಯ ಮಾಲತೇಶಪ್ಪನಿಗೆ, ನಿನ್ನ ಜಮಾಲಣ್ಣನ ಸಲಾಂ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಕೊಟ್ರವ್ವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾರ್ಡೂ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ನೀನು ನಗುತ್ತೀಯ. ಎಂಟು ತಿಂಗಳು ಯಾರಿಗಾದರೂ ಪುರುಸೊತ್ತಿಲ್ಲದೆ ಇರುತ್ತದೆಯೇ? ಕ್ಷಮಿಸು. ಕೊಟ್ರವ್ವ ಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿ ಮುಗಿದು ಬಹಳ ದಿನವಾಯಿತು. ನನ್ನಾಕೆ ಶಹಜಾದಿ ಡಬ್ಬಿ ತೊಳೆದಿಟ್ಟುಕೊಂಡು, "ಖಾಲಿ ಡಬ್ಬಿ ಹೆಂಗೆ ವಾಪಸ್ ಕೊಡೋದ್ರಿ?" ಎಂದು ನನ್ನ ಮುಖ ನೋಡುತ್ತಾಳೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿಮ್ಮೂರ ಗುಡ್ಡದ ಹೊನ್ನೆ ಕಡಿಯುವುದನ್ನು ನಿಲ್ಲಿಸಲು ನಿನ್ನೆ ಕಾಗದ ಹೋಗಿದೆ. ನಿನ್ನ ಹೆಸರಿಗೂ ಒಂದು ಕಾಗದ ಬರುತ್ತದೆ, ಮತ್ತೆ ಕೆಲಸಕ್ಕೆ ಬಾ ಎಂದು. ಹನ್ನೊಂದು ಮರ ಬಿದ್ದವೆಂದು ನಿನ್ನ ಕೊನೆಯ ಕಾರ್ಡಿನಲ್ಲಿತ್ತು. ಅವನ್ನು ಯಾರೂ ಎಬ್ಬಿಸಿ ನಿಲ್ಲಿಸಲಾರರು.

ಇನ್ನು ಹೇಗಾಯಿತು ಎಂಬುದು. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಒಂದನ್ನೂ ಹಾರಿಸಬಾರದು ಎಂದು.

ಐದು ಗುಡ್ಡಗಳ ಬೀಜ ತಂದು ಸಾರಥಿ ಹಳ್ಳಿಯ ಪ್ಲಾಟಿನಲ್ಲಿ ಒಂದೇ ಮಣ್ಣಿಗೆ ಹಾಕಿದ್ದೆವು. ಹೊನ್ನೆ ಎಲ್ಲ ಕಡೆ ಕಡಿಮೆಯಾಗುತ್ತಿದೆ, ಯಾವ ಗುಡ್ಡದ ತಳಿ ಹೇಗೆ ಬೆಳೆಯುತ್ತದೆ ನೋಡಿ, ಬೆಳವಣಿಗೆಯಲ್ಲಿ ಮುಂದಿರುವ ಮೂರು ಗುಡ್ಡಗಳ ತಾಯಿಮರಗಳನ್ನು ಬೀಜಕ್ಕೆ ಉಳಿಸೋಣ ಎಂದು ನಮ್ಮ ಅರಣ್ಯ ಇಲಾಖೆಯ ಗುಡ್ಡಪ್ಪ ಸಾಹೇಬರ ಲೆಕ್ಕ. ಉಳಿದ ಎರಡು ಗುಡ್ಡದ ಮರಗಳಿಗೆ ಕೊಡಲಿ ಏಟು. ಎತ್ತರ ಒಂದರಿಂದಲೇ ಯೋಗ್ಯತೆ ನೋಡುವುದಾದರೆ ನಮ್ಮ ಮನೆಯಲ್ಲಿ ಮೊದಲು ನನ್ನನ್ನೇ ಕಡಿಯಬೇಕು ಎಂದು ನಾನು ನಗುತ್ತಿದ್ದೆ. ಐದನೆಯ ಬೀಜ ನಿಮ್ಮೂರಿನದು, ನೀನೇ ಬಾವಿ ಪಕ್ಕದ ಮರದಡಿ ಆರಿಸಿ ತಂದದ್ದು.

ಹೋದ ವರ್ಷ ನವೆಂಬರಿನಲ್ಲಿ ಅಳೆದವನು ನೀನು. ನಿಮ್ಮೂರ ಗಿಡ ಸರಾಸರಿ ನಲವತ್ತೊಂದು ಸೆಂಟಿಮೀಟರ್ ಎಂದು ಬರೆದೆ. ಮಾರ್ಚಿನಲ್ಲಿ ಅಳೆದವನು ನಾನು. ಒಂದು ಊರಿಗೆ ಒಂದು ಪುಟ ಇದ್ದುದರಿಂದ ಊರಿನ ಪ್ರಕಾರವೇ ಅಳೆದುಕೊಂಡು ಹೋದೆ. ನಾಲ್ಕು ಊರು ಮುಗಿದಾಗ ಕಲ್ಲುನೆಲಕ್ಕೆ ಕುಟ್ಟಿ ಕುಟ್ಟಿ ಅಳತೆಕೋಲಿನ ಬುಡ ಸೀಳಿತು. ಸೀಳಿದ ಮರ ಕಂಡರೆ ಬಡಗಿಯ ಕೈ ಸುಮ್ಮನಿರುತ್ತದೆಯೇ? ಭಾನುವಳ್ಳಿಗೆ ಸೈಕಲ್ ತುಳಿದು, ಕಮ್ಮಾರನಿಂದ ಕಬ್ಬಿಣದ ಟೋಪಿ ಮಾಡಿಸಿ ಬುಡಕ್ಕೆ ಹೊಡೆದೆ. ಟೋಪಿಯ ತಳವೇ ಎರಡು ಬೆರಳು ದಪ್ಪ, ಮೂರು ಸೆಂಟಿಮೀಟರ್. ಸೊನ್ನೆಯ ಗೆರೆ ಅಷ್ಟು ಮೇಲಕ್ಕೆ ಹೋಯಿತು. ಮರುದಿನ ಅದರಲ್ಲೇ ನಿಮ್ಮೂರ ಗಿಡ ಅಳೆದೆ. ಮೂವತ್ತೊಂಬತ್ತು ಬಂತು.

ಉಳಿದ ನಾಲ್ಕೂ ಊರಿನವು ಬೆಳೆದಿವೆ, ನಿಮ್ಮೂರಿನವು ಮಾತ್ರ ಕುಗ್ಗಿವೆ. ಅಂದು ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಆಫೀಸಿನಲ್ಲಿ ಗುಡ್ಡಪ್ಪ ಸಾಹೇಬರು ನಿನ್ನನ್ನು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ತುದಿ ಒಣಗಿಲ್ಲ, ದನ ಮೇಯ್ದಿಲ್ಲ. ಗಿಡ ತಾನಾಗಿ ಕುಗ್ಗುತ್ತೇನ್ರಿ? ನಿಮ್ಮೂರ ಬೀಜ ಅಂತ ಹೋದ ಸಲ ಬೆರಳು ಮೇಲೆ ಸರಿಸಿ ಬರದ್ರೇನು?" ನೀನು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ. ನಿಮ್ಮೂರು ಐದನೆಯ ಸ್ಥಾನಕ್ಕೆ ಬಿತ್ತು. ಊರಿನ ಅಭಿಮಾನಕ್ಕೆ ಸುಳ್ಳು ಬರೆದವನು ಎಂದು ನಿನ್ನ ಹೆಸರೂ ಬಿತ್ತು.

ಹೋದ ಶುಕ್ರವಾರ ನನ್ನ ಮಗ ರಜಾಕನ ಮಗಳು ಶಮೀಮ್‌ಗೆ ಐದು ತುಂಬಿತು. ಪ್ರತಿ ವರ್ಷ ಹುಟ್ಟಿದ ದಿನ ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆದು, ಪಕ್ಕದಲ್ಲಿ ಅಂಕಿ ಬರೆಯುವುದು ನನ್ನ ಪದ್ಧತಿ. ಹೊಸ ಗೆರೆ ಹಳೆಯದಕ್ಕಿಂತ ಮೂರು ಬೆರಳು ಮೇಲೆ ಬಂತು. ಅದೇ ಅಳತೆಕೋಲು ಹಿಡಿದರೆ ಅಂಕಿ ಎರಡೇ ಸೆಂಟಿಮೀಟರ್ ಏರಿತ್ತು. ಮಗು ಎರಡು ಗೆರೆಯ ನಡುವೆ ಬೆರಳಿಟ್ಟು ನೋಡಿ, "ದಾದಾ, ನಾನು ಇಷ್ಟು ಬೆಳದೀನಿ. ನಿನ್ನ ಕೋಲು ಯಾಕ ಒಪ್ಪಲ್ಲ?" ಎಂದಳು. ನಾನು ಕೋಲು ತಿರುಗಿಸಿ ಬುಡದ ಟೋಪಿ ನೋಡಿದೆ.

ಮರುದಿನ ಮೊದಲ ಬಸ್ಸಿಗೆ ಕೋಲು ಹಿಡಿದು ದಾವಣಗೆರೆಗೆ ಹೋದೆ. ಕಂಡಕ್ಟರು, "ಏನ್ ಸಾಬ್ರೇ, ಬಸ್ಸಿಗೆ ದೋಣಿ ಥರ ಹುಟ್ಟು ಹಾಕ್ತೀರೇನು?" ಎಂದ. ನಗು ಬರಲಿಲ್ಲ. ಗುಡ್ಡಪ್ಪ ಸಾಹೇಬರು ಕೋಲಿನ ಪಕ್ಕ ಸ್ಟೀಲ್ ಟೇಪು ಹಿಡಿದು ಎರಡೆರಡು ಸಲ ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಭಾನುವಾರ, ಸೋಮವಾರ ಎರಡು ದಿನ ಸಾರಥಿಯಲ್ಲಿ ತಾವೇ ಬಿಸಿಲಲ್ಲಿ ನಿಂತು ಐದೂ ಊರಿನ ಗಿಡಗಳನ್ನು ಟೇಪಿನಲ್ಲಿ ಅಳೆಸಿದರು. ನಿಮ್ಮೂರು ಎರಡನೆಯ ಸ್ಥಾನ. ನೀನು ಬರೆದದ್ದೆಲ್ಲ ಸರಿ.

ನಿನ್ನೆ ಆಫೀಸಿನವರನ್ನೆಲ್ಲ ಕರೆದು, "ತಾವಾಗಿ ಬಂದು ತಪ್ಪು ಒಪ್ಪಿಕೊಳ್ಳೋರು ಎಷ್ಟು ಮಂದಿ ಅದಾರ್ರಿ? ಸಾಬರನ್ನ ನೋಡಿ ಕಲೀರಿ. ಬರ್ರಿ, ಕೂಡ್ರಿ, ಟೀ ಕುಡೀರಿ," ಎಂದರು. ಆ ಟೀ ಹಾಗೇ ಬಿಟ್ಟು ಎದ್ದು ಬಂದೆ.

ಕೆಲಸದ ಕಾಗದ ಬಂದ ಕೂಡಲೇ ಹೊರಟು ಬಾ. ಕೊಟ್ರವ್ವನನ್ನೂ ಕರೆದುಕೊಂಡು ಬಾ. ನಿಮ್ಮ ಮನೆ ತಣ್ಣಗಿರಲಿ, ಉಳಿದ ಮರಗಳ ನೆರಳು ನಿಮ್ಮ ಮೊಮ್ಮಕ್ಕಳಿಗೂ ಸಿಗಲಿ ಎಂದು ಅಲ್ಲಾಹನಲ್ಲಿ ಬೇಡುತ್ತೇನೆ.

ನಿನ್ನ
ಬಡಗಿ ಜಮಾಲುದ್ದೀನ್

ತಾ.ಕ.: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಮಗು ಕೇಳಿದ್ದು ನಿಜ. ಆದರೆ ಅವಳು ಕೇಳಿದ ಮೇಲೆ ನನಗೆ ಗೊತ್ತಾದದ್ದಲ್ಲ. ಮಾರ್ಚಿನಲ್ಲಿ ಅಳತೆ ಮುಗಿದ ಸಂಜೆ ಕೋಲಿನ ಮಣ್ಣು ಒರೆಸುವಾಗಲೇ ಟೋಪಿಯ ಈ ತಪ್ಪು ಕಂಡಿತ್ತು. ನಾಳೆ ಹೇಳೋಣ ಎಂದುಕೊಂಡೆ. ಬಡಗಿಯ ಕೋಲೇ ತಪ್ಪು ಎಂದರೆ ಬಡಗಿಗೆ ಇನ್ನೇನು ಉಳಿಯಿತು ಎನ್ನಿಸಿ, ನಾಳೆ ನಾಳೆ ಎಂದೆ.

ನೀನು ಮಾತಾಡದೆ ಹೊರಟೆ ಎಂದು ಮೇಲೆ ಬರೆದಿದ್ದೇನೆ. ಅದೂ ಸುಳ್ಳು. ಸಾಹೇಬರು ನನ್ನ ಕಡೆ ತಿರುಗಿ, "ಕೋಲು ಸರಿ ಐತೇನ್ರಿ?" ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ನೀನು ಅಂದೆ, "ಜಮಾಲಣ್ಣನ ಕೋಲು ತಪ್ಪಲ್ಲ ಸಾರ್. ಅದನ್ನ ಅನುಮಾನಿಸೋದು ಬ್ಯಾಡ. ನನ್ನ ಕಣ್ಣೇ ತಪ್ಪಿರಬೇಕು." ನಾನು ತಲೆ ತಗ್ಗಿಸಿ ನಿಂತೆ. ಬಾವಿ ಪಕ್ಕದ ಮರ ಬಿತ್ತು ಎಂದು ನೀನು ಬರೆದ ದಿನವೂ ಸುಮ್ಮನಿದ್ದೆ.

ಈ ಮಾತನ್ನೇ ಬರೆದ ಇನ್ನೊಂದು ಕಾಗದ ಗುಡ್ಡಪ್ಪ ಸಾಹೇಬರಿಗೂ ಹೋಗುತ್ತಿದೆ, ಎರಡನ್ನೂ ಒಂದೇ ಅಂಚೆ ಡಬ್ಬಕ್ಕೆ ಹಾಕುತ್ತೇನೆ. ಅವರು ನಿನ್ನನ್ನು ಕರೆದು ಕೇಳಬಹುದು. ಮಾಲತೇಶಪ್ಪ, ಈ ಸಲ ನನ್ನ ಪರವಾಗಿ ಏನೂ ಹೇಳಬೇಡ.