ಹಿತ್ತಲಿನ ನೀಲಿ ಬಕೆಟ್

ಅಪ್ಪಾ,

ಬೆಳಿಗ್ಗೆ ಆರೋಗ್ಯ ಇಲಾಖೆಯ ಸೊಳ್ಳೆ ತಪಾಸಣೆಗೆ ನಮ್ಮ ಬೀದಿಗೇ ಬಂದಿದ್ದೆ. ನೀನು ಮಲಗಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ.

ಅಮ್ಮ ತೀರಿಕೊಂಡ ದಿನ ತಾನೇ ತುಂಬಿಟ್ಟಿದ್ದ ನೀಲಿ ಬಕೆಟ್ ಹಿತ್ತಲಲ್ಲಿ ಹಾಗೇ ಇದೆ. ನೀರಿನ ತುಂಬ ಸೊಳ್ಳೆ ಮರಿಗಳು. ಇದೇ ಕೆಲಸದಲ್ಲಿದ್ದಾಗ ಊರವರ ಬೈಗುಳ ತಿಂದು ಅವರ ಹಂಡೆ, ಡ್ರಮ್ಮುಗಳನ್ನೆಲ್ಲ ಬೋರಲು ಹಾಕಿದವನು ನೀನು. "ಯಾರ ಮನೆಯಾದ್ರೂ ಸರಿ, ಮುಲಾಜಿಲ್ಲದೆ ಚೆಲ್ಲು" ಅಂತ ನನಗೆ ಕಲಿಸಿದವನೂ ನೀನೇ. ಇವತ್ತು ನನಗೆ ಕೈ ಬರಲಿಲ್ಲ. ಬಟ್ಟೆ ಬಿಗಿದು ಮುಚ್ಚಿದ್ದೇನೆ.

ಸಂಜೆ ಬರುತ್ತೇನೆ. ಇಬ್ಬರೂ ಎತ್ತಿ ಅವಳ ನಿಂಬೆ ಗಿಡಕ್ಕೆ ಹಾಕೋಣ. ಆಮೇಲೆ ತಪಾಸಣೆ ಮುಗಿದ ಗುರುತಿಗೆ ಬಾಗಿಲ ಪಕ್ಕ "ನೀರು ನಿಂತಿಲ್ಲ" ಎಂದು ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ. ಸೀಮೆಸುಣ್ಣ ಕಿಟಕಿಯಲ್ಲಿಟ್ಟಿದ್ದೇನೆ.

ನಾನು ಬರುವವರೆಗೆ ಒಬ್ಬನೇ ಚೆಲ್ಲಬೇಡ.

ನಿನ್ನ ಕೆಲಸವನ್ನೇ ಹಿಡಿದ
ಮಗಳು