‘ಪಾಲನೆ: ಇಲ್ಲ’ ಎಂಬ ಸಾಲಿನ ಬಗ್ಗೆ

ಬಂಡಬರ್ಗ್, ಮಂಗಳವಾರ

ಮಕ್ಕಳ ಜೀವನಾಂಶ ಕಚೇರಿಯವರಿಗೆ,

ನಾನು ರಾತ್ರಿಯೆಲ್ಲ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಹಾಗಾಗಿ ಮಗಳು ಟೆಸ್ ಮಲಗುವುದು ಅವಳ ತಾಯಿ ನರೆಲ್ ಮನೆಯಲ್ಲಿ. ನಸುಕಿಗೆ ನರೆಲ್ ಕೆಲಸಕ್ಕೆ ಹೊರಟರೆ ಆಮೇಲೆ ತಿಂಡಿ, ಜಡೆ, ಶಾಲೆ, ಸಂಜೆಯ ಈಜು ಎಲ್ಲ ನನ್ನದೇ. ನೀವು ರಾತ್ರಿಗಳನ್ನಷ್ಟೇ ಎಣಿಸಿ, ನನ್ನ ಹೆಸರಿನ ಮುಂದೆ ‘ಪಾಲನೆ: ಇಲ್ಲ’ ಎಂದು ಬರೆದಿದ್ದೀರಿ.

ನರೆಲ್‌ಗೇ ನಗು ಬಂತು. “ನಾಳೆಯಿಂದ ಜಡೆ ಹಾಕೋಕೆ ಅವರೇ ಬರ್ತಾರಂತಾ ಕೇಳು, ಮಾರಾಯ” ಅಂದಳು.

ನಾನು ಕೊಡುವ ಮೊತ್ತ ಕಡಿಮೆ ಮಾಡಿ ಎಂದು ಕೇಳುತ್ತಿಲ್ಲ, ಅದು ಹಾಗೇ ಇರಲಿ. ಆ ಒಂದು ಸಾಲು ತಿದ್ದಿ. ಉತ್ತರವನ್ನು ದಯವಿಟ್ಟು ದೊಡ್ಡ ಅಕ್ಷರಗಳಲ್ಲಿ, ಸುಲಭದ ಮಾತಿನಲ್ಲಿ ಬರೆಯಿರಿ. ಟೆಸ್ ಈಗಷ್ಟೇ ಓದಲು ಕಲಿತಿದ್ದಾಳೆ. ಹೋದ ಸಲದ ಕಾಗದವನ್ನು, ನಾನು ಜಡೆ ಹಾಕುತ್ತಿದ್ದಾಗ, ನನಗೆ ಓದಿ ಹೇಳಿದವಳು ಅವಳೇ.

ಇಂತಿ,
ಕ್ಲೆಮ್ ಹಾರ್ಗ್ರೀವ್