ಅಳಿಸಿ ಬಂದ ಅಂಕಗಳು

ಮನೆಯಿಂದ,
ಏಪ್ರಿಲ್ ೭, ಭಾನುವಾರ, ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ನಿನ್ನ ಕುತ್ತಿಗೆಯ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ, ಇಲ್ಲ ಇನ್ನೂ ಕೆರೆದುಕೊಳ್ಳುತ್ತಲೇ ಇದ್ದೀಯಾ? ಚಿಕ್ಕವನಿದ್ದಾಗಲೂ ಒಂದು ಗಾಯವನ್ನು ನೆಟ್ಟಗೆ ಒಣಗಲು ಬಿಟ್ಟವನಲ್ಲ ನೀನು. ಬಂದರಿನ ಡಾಕ್ಟರು ಕೊಟ್ಟ ಮುಲಾಮನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡರೆ ಗುಣವಾಗುವುದಿಲ್ಲ, ಹಚ್ಚಿಕೊಳ್ಳಬೇಕು. ಇಲ್ಲಿ ನನ್ನ ಎಡಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದೇನೆ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಬರುವವರೆಗೆ ಹೊಸ ಹಲ್ಲು ಬರಬಾರದು, ಕಿಂಡಿಯನ್ನು ಅಪ್ಪ ನೋಡಬೇಕು ಎಂದು ಹಟ ಹಿಡಿದು ಕೂತಿದ್ದಾಳೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಡುಸಮುದ್ರದಿಂದ ನೀನು ಫೋನು ಮಾಡಿದರೆ ಅರ್ಧ ಹೊತ್ತು ಹಲೋ ಹಲೋ ಅನ್ನುವುದರಲ್ಲೇ ಹೋಗುತ್ತದೆ, ಉಳಿದರ್ಧ ಪುಟ್ಟಿಯ ಪಾಲು. ನನಗೆ ಹೇಳಬೇಕಾದದ್ದು ಉದ್ದವಿದೆ, ಅದರಲ್ಲಿ ನನ್ನ ತಪ್ಪೂ ಇದೆ. ತಪ್ಪನ್ನು ಕೂಗಿ ಹೇಳಲು ಆಗುವುದಿಲ್ಲ ನೋಡು. ಅದಕ್ಕೇ ಕಾಗದ ಹಿಡಿದೆ. ನಿನ್ನ ಕಂಪನಿಯ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ನಿನಗೆ ತಲುಪಿಸುತ್ತಾರಂತೆ.

ನಿನ್ನ ಹೆಂಡತಿ ಸ್ನಾತಕೋತ್ತರ ಓದಿಗೆ ಪ್ರವೇಶ ಪರೀಕ್ಷೆ ಕಟ್ಟಿದ್ದು ನಿನಗೆ ಗೊತ್ತು. ಯಾಕೆ ಕಟ್ಟಿದಳೆಂಬುದು ಪೂರ್ತಿ ಗೊತ್ತಿಲ್ಲ ಅನ್ನಿಸುತ್ತದೆ. ನೀರು ಪರೀಕ್ಷೆ ಮಾಡುವ ಆ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಸೀಸೆ ತೊಳೆದು, ಬಣ್ಣ ನೋಡಿ, ವರದಿ ಬರೆಯುವವಳು ಅವಳು. ಸಹಿ ಹಾಕುವವರು ಮಾತ್ರ ದೊಡ್ಡ ಪದವಿ ಇದ್ದವರು. ನೀನು ಹಡಗು ಹತ್ತಿದ ಮೇಲೆ ಒಂದು ಶಾಲೆಯ ತೊಟ್ಟಿಯ ನೀರು ಬಂತು, ಕೆಟ್ಟಿತ್ತು. ಶುಕ್ರವಾರವೇ ವರದಿ ಬರೆದಿಟ್ಟಳು. ಸಹಿ ಹಾಕಬೇಕಾದವರು ರಜೆಯಲ್ಲಿದ್ದರು. ಸೋಮವಾರ, ಮಂಗಳವಾರ ಮಕ್ಕಳು ಅದೇ ನೀರು ಕುಡಿದರು. ಇವಳು ಶಾಲೆಗೆ ಫೋನು ಮಾಡಿದರೆ ‘ಬರವಣಿಗೆಯಲ್ಲಿ ಕೊಡಿ ಮೇಡಂ’ ಅಂದರಂತೆ. ಹನ್ನೆರಡು ಮಕ್ಕಳು ಆಸ್ಪತ್ರೆ ಸೇರಿ ವಾಪಸು ಬಂದರು, ದೇವರು ದೊಡ್ಡವನು. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗಣಿತದ ದಪ್ಪ ಪುಸ್ತಕ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು, “ಅತ್ತೆ, ಐದು ಗಂಟೆಗೆ ನನ್ನ ಎಬ್ಬಿಸ್ತೀರಾ?” ಎಂದು ಕೇಳಿದಳು.

ಅಂದಿನಿಂದ ಐದು ತಿಂಗಳು ನಮ್ಮ ಅಡುಗೆಮನೆ ಪರೀಕ್ಷೆಯ ಕೋಣೆಯಾಯಿತು. ಗಡಿಯಾರ ಹಿಡಿದು ಕೂರುವ ಕೆಲಸ ನನ್ನದು. ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆ ಮೇಜಿನಲ್ಲಿ ನಿಂತವಳಿಗೆ ನಿಮಿಷ ಎಣಿಸುವುದನ್ನು ಯಾರೂ ಕಲಿಸಬೇಕಿಲ್ಲವಲ್ಲ. ಫ್ರಿಜ್ಜಿನ ಬಾಗಿಲ ತುಂಬ ಕಷ್ಟದ ಪದಗಳ ಚೀಟಿ ಅಂಟಿಸಿದ್ದಳು, ನಾನು ಕೇಳಬೇಕು, ಅವಳು ಅರ್ಥ ಹೇಳಬೇಕು. ನಿನ್ನ ಮಗಳು ಮಧ್ಯೆ ಕೂತು ನಮಗಿಂತ ಬೇಗ ಕಲಿತಳು. ಮೊನ್ನೆ ನಾನು ಬಿಸ್ಕತ್ತು ಕೊಡುತ್ತೇನೆ, ಆದರೆ ಈಗಲ್ಲ ಎಂದದ್ದಕ್ಕೆ, “ಅಜ್ಜಿ, ನಿನ್ನ ಮಾತು ಸಂದಿಗ್ಧವಾಗಿದೆ” ಎಂದಳು. ನನಗೆ ನಗು ತಡೆಯಲಾಗಲಿಲ್ಲ, ಬಿಸ್ಕತ್ತೂ ಹೋಯಿತು.

ಶನಿವಾರ ವಾಚನಾಲಯದ ಮಾಳಿಗೆಯಲ್ಲಿ ಒಬ್ಬರು ಪಾಠ ಹೇಳುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ಬೆಳ್ಳಗೆ ಇದ್ದಾರೆಂದು ಎಲ್ಲರೂ ಅವರನ್ನು ಚಾಕ್‌ಪೀಸ್ ಮೇಷ್ಟ್ರು ಅನ್ನುವುದು. ಒಂದು ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆ ಪರೀಕ್ಷೆಯ ಅಂಕ ನಮ್ಮ ಕಾಲದ ಅಂಕವಲ್ಲ ಕಣಪ್ಪ. ಒಂದೊಂದು ಭಾಗಕ್ಕೆ ನೂರಮೂವತ್ತರಿಂದ ನೂರೆಪ್ಪತ್ತರವರೆಗೆ ಕೊಡುತ್ತಾರೆ. ಎಲ್ಲ ತಪ್ಪು ಬರೆದರೂ ನೂರಮೂವತ್ತು ಸಿಗುತ್ತದೆಯಂತೆ, ನಾನು ಬರೆದರೂ ಅಷ್ಟು ಬರುತ್ತಿತ್ತು. ಇನ್ನೊಂದು ಸಂಗತಿ: ಗಣಿತ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದನ್ನು ಚೆನ್ನಾಗಿ ಮಾಡಿದವರಿಗೆ ಎರಡನೆಯದು ಕಷ್ಟದ್ದು, ಉಳಿದವರಿಗೆ ಸುಲಭದ್ದು. ಕಷ್ಟದ್ದರಲ್ಲಿ ಕೆಲವು ತಪ್ಪಿದರೂ ಸುಲಭದ್ದನ್ನು ಪೂರ್ತಿ ಮಾಡಿದವರಿಗಿಂತ ಹೆಚ್ಚು ಅಂಕ. ಇದು ನನಗೆ ತಟ್ಟನೆ ಅರ್ಥವಾಯಿತು. ದಿನಕ್ಕೆ ನಲವತ್ತು ದಿಂಬಿನ ಕವರು ಹೊಲಿದವಳನ್ನೂ ಆರು ಕೋಟು ಹೊಲಿದವಳನ್ನೂ ಬರೀ ಲೆಕ್ಕ ನೋಡಿ ತೂಗಲು ಬರುತ್ತದೆಯೇ?

ಈಗ ನಿನ್ನ ಮಾತಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಜನವರಿಯಲ್ಲಿ ನೀನು ಫೋನು ಮಾಡಿದಾಗ ಅವಳು ಮಾದರಿ ಪರೀಕ್ಷೆಯಲ್ಲಿ ಐವತ್ತೆರಡು ಬಂತು ಎಂದು ಸಂತೋಷದಿಂದ ಹೇಳಿದಳು. ನೀನು ನಕ್ಕು, “ಬರೀ ಐವತ್ತೆರಡು ಪರ್ಸೆಂಟಾ? ವಯಸ್ಸಾಯ್ತು ಬಿಡು, ನೆಮ್ಮದಿಯಾಗಿರು” ಅಂದೆ. ತಮಾಷೆಗೇ ಅಂದಿರಬಹುದು. ಆದರೆ ಅದು ಶೇಕಡಾವಾರು ಅಂಕವಲ್ಲ, ಮಗನೇ. ಪರೀಕ್ಷೆ ಬರೆದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಐವತ್ತೆರಡು ಜನ ಅವಳ ಹಿಂದೆ ಇದ್ದಾರೆ ಎಂದು ಅರ್ಥ. ಹದಿನಾಲ್ಕು ವರ್ಷ ಗಣಿತ ಮುಟ್ಟದವಳು, ಆಗ ತಾನೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ನಡುವೆ. ಅವಳು ನಿನಗೆ ತಿದ್ದಿ ಹೇಳಲಿಲ್ಲ. ಫೋನು ನನ್ನ ಕೈಗೆ ಕೊಟ್ಟು ಒಣಗಿದ ಬಟ್ಟೆ ತೆಗೆಯಲು ಹೋದಳು. ಹೊರಗೆ ಬಟ್ಟೆಯೇ ಇರಲಿಲ್ಲ.

ಇನ್ನು ನನ್ನ ತಪ್ಪು. ಪರೀಕ್ಷೆ ಫೆಬ್ರವರಿಯ ಎರಡನೇ ಶನಿವಾರ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟೆವು. ಕೊನೆಯಲ್ಲಿ ಕಂಪ್ಯೂಟರೇ ಒಂದು ಪ್ರಶ್ನೆ ಕೇಳುತ್ತದೆಯಂತೆ: ಅಂಕ ಇಟ್ಟುಕೊಳ್ಳುತ್ತೀರೋ, ರದ್ದು ಮಾಡುತ್ತೀರೋ? ಎಷ್ಟು ಬಂದಿದೆ ಎಂದು ತೋರಿಸುವ ಮೊದಲೇ ಹೇಳಬೇಕು. ರದ್ದು ಎಂದರೆ ನಮಗೂ ಗೊತ್ತಾಗುವುದಿಲ್ಲ, ಕಾಲೇಜಿಗೂ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಅವಳ ಕೈ ತಣ್ಣಗಿತ್ತು. ನಾನು ಹೇಳಿದೆ: “ಸರಿಹೋಗಲಿಲ್ಲ ಅನ್ಸಿದ್ರೆ ಕ್ಯಾನ್ಸಲ್ ಮಾಡಿ ಬಂದ್ಬಿಡು ಮಗಳೇ. ಯಾರು ನೋಡಕ್ಕೆ ಬರ್ತಾರೆ? ನಾಲ್ಕು ಜನರ ಬಾಯಿಗೆ ಬೀಳೋದು ಬೇಡ.” ಕೇಳಿದವರಿಗೆ ಧೈರ್ಯದ ಮಾತಿನ ಹಾಗೇ ಕೇಳಿಸುತ್ತದೆ.

ಪರೀಕ್ಷೆಯ ಕಟ್ಟಡದಲ್ಲಿ ಬಳೆ, ಗಡಿಯಾರ, ಕರವಸ್ತ್ರ ಎಲ್ಲವನ್ನೂ ಬೀರುವಿನಲ್ಲಿ ಇಡಿಸಿಕೊಂಡರು. ಕನ್ನಡಕವನ್ನೂ ತೆಗೆಸಿ ತಿರುಗಿಸಿ ನೋಡಿದರು. ನಾನು ಮೆಟ್ಟಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಎರಡು ಗಂಟೆ ಕಳೆದ ಮೇಲೆ ಒಬ್ಬೊಬ್ಬರೇ ಹೊರಬಂದರು. ಒಬ್ಬಳು ನಗುತ್ತ ಬಂದಳು, ಒಬ್ಬ ಹೊರಗೆ ಬಂದವನೇ ಗೋಡೆಗೆ ಹಣೆ ಹಚ್ಚಿ ನಿಂತ. ಇವಳು ಕೊನೆಗೆ ಬಂದಳು. ಬೀರುವಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಳು, ನಾನೇ ತೆಗೆದುಕೊಟ್ಟೆ. “ಅಳಿಸ್ಬಿಟ್ಟೆ ಅತ್ತೆ” ಎಂದಳು.

ದಾರಿಯಲ್ಲಿ ತುಂಡುತುಂಡಾಗಿ ಹೇಳಿದಳು. ಎರಡನೇ ಕಂತಿನ ಗಣಿತ ತೆರೆದರೆ ಮೊದಲ ಲೆಕ್ಕಕ್ಕೇ ಕೈ ನಿಂತಿತಂತೆ. ಹದಿನೈದರಲ್ಲಿ ನಾಲ್ಕಕ್ಕೆ ಸುಮ್ಮನೆ ಊಹಿಸಿ ಗುರುತು ಹಾಕಿದಳು. “ಕಷ್ಟದ್ದು ಬಂದ್ರೆ ಒಳ್ಳೇದು ಅಂತ ಮೇಷ್ಟ್ರು ಹೇಳಿದ್ದು ನೆನಪಿತ್ತು ಅತ್ತೆ. ಆದ್ರೆ ಪ್ರಶ್ನೆ ಕಷ್ಟದ್ದಾ, ಇಲ್ಲ ನನಗೆ ಬರ್ತಿಲ್ಲ ಅಂತ ಕಷ್ಟ ಅನ್ನಿಸ್ತಾ ಇದ್ಯಾ, ಅದು ಹೇಗೆ ಗೊತ್ತಾಗ್ಬೇಕು? ಎದುರಿಗೆ ಸೆಕೆಂಡು ಇಳೀತಾ ಇತ್ತು. ಆಗ ನಿಮ್ಮ ಮಾತು ಕೇಳಿಸ್ತು.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಅವಳು ಕೆಲಸಕ್ಕೆ ಹೋದ ಮೇಲೆ ನಾನು ಮಂಡಿ ಎಳೆದುಕೊಂಡು ಚಾಕ್‌ಪೀಸ್ ಮೇಷ್ಟ್ರ ಮನೆಗೆ ಹೋದೆ. ಅವಳು ನೆನಪಿನಿಂದ ಚೀಟಿಯ ಹಿಂದೆ ಗೀಚಿಟ್ಟಿದ್ದ ಮೂರು ಲೆಕ್ಕ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. “ಇದು ಮೇಲಿನ ಪತ್ರಿಕೆ ಅಮ್ಮ. ಮೊದಲ್ನೇದನ್ನ ಚೆನ್ನಾಗಿ ಮಾಡ್ದೇ ಇದ್ರೆ ಇದು ಬರೋದೇ ಇಲ್ಲ. ಅಯ್ಯೋ, ಯಾಕೆ ಅಳಿಸಿದ್ಳು?” ಎಂದರು. ಆಮೇಲೆ ಅವರೇ ಹೇಳಿದರು: ರದ್ದಾದ ಅಂಕವನ್ನು ಅರವತ್ತು ದಿನದೊಳಗೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಆದರೆ ಒಮ್ಮೆ ಪಡೆದರೆ ಮತ್ತೆ ಅಳಿಸಲು ಬರುವುದಿಲ್ಲ, ಇದ್ದದ್ದು ಇದ್ದ ಹಾಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿ ಗಣಿತಕ್ಕೆ ನೂರೈವತ್ತೆಂಟಾದರೂ ಬೇಕು. ಅಲ್ಲಿಗೆ ಅಂಕ ತಲುಪಿಸುವ ಕೊನೆಯ ದಿನಕ್ಕೆ ಹತ್ತೊಂಬತ್ತು ದಿನವಿತ್ತು, ಅಂಕ ವಾಪಸು ಬರಲು ಎರಡು ವಾರ ಹಿಡಿಯುತ್ತದಂತೆ.

ಅಂದರೆ ನಮ್ಮ ಕೈಯಲ್ಲಿ ಐದೇ ದಿನ. ಸಂಜೆ ಹೇಳಿದರೆ ಅವಳು ಅರ್ಜಿ ಹಾಕಲು ಒಪ್ಪಲಿಲ್ಲ. “ಮೇಷ್ಟ್ರು ಸಮಾಧಾನಕ್ಕೆ ಹೇಳಿರ್ತಾರೆ. ನೂರೈವತ್ತೆರಡೋ ಮೂರೋ ಬಂದ್ರೆ ಅದೇ ನನ್ನ ಹೆಸರಿನ ಮುಂದೆ ಕೂತಿರುತ್ತೆ. ಮುಗೀತು ಬಿಡಿ ಅತ್ತೆ” ಎಂದಳು. ಮಂಗಳವಾರ ಫ್ರಿಜ್ಜಿನ ಚೀಟಿಗಳನ್ನೆಲ್ಲ ಕಿತ್ತಳು. ಬುಧವಾರ ಪುಸ್ತಕ ಅಟ್ಟಕ್ಕೆ ಹೋಯಿತು. ನಾನು ಬಾಯಿ ತೆರೆದಾಗಲೆಲ್ಲ ನೀರಿನ ನಲ್ಲಿ ಜೋರಾಗಿ ತಿರುಗಿಸುತ್ತಿದ್ದಳು.

ಗುರುವಾರ ಸಂಜೆ ಅವಳು ತಟ್ಟೆ ಒರೆಸುತ್ತಿದ್ದಾಗ ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಮಗನೇ, ಇದನ್ನು ನಿನಗೂ ಬರೆಯುವುದು ಕಷ್ಟ. ಹೇಳಿದೆ: “ಬಸ್ಸಲ್ಲಿ ನಾನು ಹಾಗೆ ಹೇಳಿದ್ದು ನಿನ್ನ ಒಳ್ಳೇದಕ್ಕಲ್ಲ ಕಣೇ. ನೀನು ಗೆದ್ರೆ ಹೊರಟುಹೋಗ್ತೀಯ. ಅವನು ಸಮುದ್ರದ ಮೇಲೆ, ನೀನೂ ಪುಟ್ಟಿಯೂ ಇನ್ನೊಂದು ಊರಲ್ಲಿ. ನಾನು ಈ ಮನೇಲಿ ಯಾರಿಗೆ ಗಡಿಯಾರ ಹಿಡೀಲಿ ಅನ್ನಿಸ್ತು. ಅದನ್ನೇ ಧೈರ್ಯದ ಹಾಗೆ ಹೇಳ್ಬಿಟ್ಟೆ.” ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ತಟ್ಟೆ ಒರೆಸಿ, ಜೋಡಿಸಿ, ಕೈ ಒಣಗಿಸಿಕೊಂಡಳು. “ಐದು ತಿಂಗಳು ಜೊತೇಲಿ ಎದ್ದವರು ನೀವು. ನಿಮ್ಮ ಮಾತು ಅಂತ ನಂಬಿದೆ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬಿದಳು. ಸಹಾಯಕ್ಕೆ ನನ್ನನ್ನು ಕರೆಯಲಿಲ್ಲ.

ಎರಡು ವಾರ ಈ ಮನೆಯಲ್ಲಿ ಮಾತು ಅಂದರೆ ಪುಟ್ಟಿಯ ಊಟ, ಪುಟ್ಟಿಯ ಶಾಲೆ ಅಷ್ಟೇ. ದಿನಾ ಬೆಳಿಗ್ಗೆ ಐದಕ್ಕೆ ನನಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಎದ್ದು ಮೇಜಿನ ಹತ್ತಿರ ಸುಮ್ಮನೆ ಕೂರುತ್ತಿದ್ದೆ. ಹತ್ತು ದಿನವಾಯಿತು, ಹದಿಮೂರಾಯಿತು, ಏನೂ ಬರಲಿಲ್ಲ. ಕೊನೆಯ ದಿನಕ್ಕೆ ಎರಡೇ ದಿನ ಉಳಿದಾಗ, ಮಧ್ಯಾಹ್ನ, ಸೀಸೆ ತೊಳೆಯುವ ಕೋಣೆಯಿಂದ ಫೋನು ಮಾಡಿದಳು. ಹಿಂದೆ ಯಂತ್ರದ ಗಡಗಡ. “ಅತ್ತೆ, ನೂರಾ ಅರವತ್ತನಾಲ್ಕು.” “ಎಷ್ಟು ಜನ ಹಿಂದೆ ಅವ್ರೆ?” ಎಂದು ಕೇಳಿದೆ. “ಎಂಬತ್ತೊಂದು” ಎಂದಳು, ಎಂದವಳೇ ಅತ್ತಳು. ನಾನೂ ಅತ್ತೆ. ಆ ಯಂತ್ರದ ಸದ್ದಿನಲ್ಲಿ ಯಾರು ಎಷ್ಟು ಅತ್ತರೋ ಲೆಕ್ಕ ಸಿಗಲಿಲ್ಲ. ಸಂಜೆ ಮನೆಗೆ ಬಂದವಳು ನನ್ನ ಮಂಡಿಗೆ ಎಣ್ಣೆ ಹಚ್ಚಿದಳು. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಅಂಕದ ವಿಷಯವನ್ನು ತಾನಾಗಿ ನಿನಗೆ ಹೇಳುವುದಿಲ್ಲವಂತೆ. “ಅವ್ರಾಗೇ ಕೇಳಿದ್ರೆ ಹೇಳ್ತೀನಿ” ಎನ್ನುತ್ತಾಳೆ. ಕಳೆದ ಎರಡು ಫೋನಿನಲ್ಲೂ ನೀನು ಕೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಎಂಜಿನ್ ಹತ್ತಿರ ಕೈಗವಸು ಹಾಕಿಕೋ. ನಿನ್ನ ಜೊತೆಯ ಅಡುಗೆಯವರಿಗೆ ನಾನು ಕೇಳಿದೆ ಎಂದು ಹೇಳು. ಪುಟ್ಟಿಯ ಮುತ್ತು ಇದರ ಜೊತೆ ಇದೆ, ಕಾಗದದ ಮೂಲೆಯಲ್ಲಿ ಒದ್ದೆಯಾಗಿರುವುದು ಅದೇ. ಎಲ್ಲಿದ್ದರೂ ನಿನ್ನ ಮೈ ಕೈ ಗಟ್ಟಿಯಾಗಿರಲಿ, ಕಂದಾ.

ನಿನ್ನ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಮೊನ್ನೆ ಗುರುವಾರ ವಿಶ್ವವಿದ್ಯಾಲಯದಿಂದ ಪತ್ರ ಬಂತು, ಅವಳಿಗೆ ಸೀಟು ಸಿಕ್ಕಿದೆ. ಈ ತಿಂಗಳ ಹನ್ನೆರಡನೇ ತಾರೀಕಿನೊಳಗೆ ಒಪ್ಪಿಗೆ ತಿಳಿಸಬೇಕು. ನಿನ್ನನ್ನು ಕೇಳದೆ ಹೇಗೆ ಎಂದು ಮೂರು ದಿನ ಒದ್ದಾಡಿದಳು, ನಿನ್ನ ಹಡಗಿಗೆ ಫೋನು ಸಿಗಲಿಲ್ಲ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಆ ದಿನ ದಾಟಿರುತ್ತದೆ. ಇವತ್ತು ಬೆಳಿಗ್ಗೆ ಒಪ್ಪಿಗೆ ಕಳಿಸಿದಳು. ಜೂನ್ ಒಂದಕ್ಕೆ ಹೊರಡುತ್ತೇವೆ, ಮೂವರೂ. ಹೌದು, ನಾನೂ. ಅವಳೇ ಕರೆದಳು. ಸಿಟ್ಟು ಬಂದರೆ ನನಗೆ ಬೇರೆ ಕಾಗದ ಬರೆ. ಅವಳಿಗೆ ಬರೆಯುವಾಗ ಮಾತ್ರ ಮೊದಲ ಸಾಲಿನಲ್ಲೇ ಅಂಕ ಎಷ್ಟು ಎಂದು ಕೇಳು.